ಕಾಡೇ ಮಸೆಗಲ್ಲು: ಹಕ್ಕಿಯ ಉಗುರು ಸವೆಯುವ ಬಗೆ

(ಮಲೆನಾಡಿನ ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ಏರ್ಪಡಿಸಿದ್ದ ಪ್ರಕೃತಿ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಕ್ಕಿಗಳ ಮಾತು ಬಂದಾಗ ಬಣ್ಣ, ಹಾಡು, ಗೂಡು, ವಲಸೆ ಇವುಗಳತ್ತ ಗಮನ ಹರಿಯುವುದು ಸಹಜ. ಕಾಲಿನ ಉಗುರನ್ನು ನೋಡುವವರು ವಿರಳ. ಆದರೆ ಹಕ್ಕಿಯೊಂದು ನೆಲದ ಮೇಲೆ ಬದುಕುತ್ತದೆಯೋ ಮರದ ಮೇಲೋ, ಅದು ದಿನವಿಡೀ ದುಡಿಯುತ್ತಿದೆಯೋ ಸುಮ್ಮನೆ ಕುಳಿತಿದೆಯೋ, ಸ್ವತಂತ್ರವಾಗಿದೆಯೋ ಬಂಧನದಲ್ಲಿದೆಯೋ ಎಂಬುದನ್ನು ಉಗುರು ನೋಡಿಯೇ ಬಹುಮಟ್ಟಿಗೆ ಊಹಿಸಬಹುದು. ಅಷ್ಟು ಚಿಕ್ಕ ಅಂಗದಲ್ಲಿ ಅಷ್ಟು ದೊಡ್ಡ ಕಥೆ ಅಡಗಿದೆ.

ಮನುಷ್ಯ ವಾರ ಹದಿನೈದು ದಿನಕ್ಕೊಮ್ಮೆ ಉಗುರು ಕತ್ತರಿಸಿಕೊಳ್ಳುತ್ತಾನೆ. ಲಾಳ ಹೊಡೆಯುವವನು ಎತ್ತಿನ ಗೊರಸನ್ನು ಕೆತ್ತಿ ಸಮ ಮಾಡುತ್ತಾನೆ. ಹಾಗಾದರೆ ದರಕಿನ ಮೇಲೆ ಓಡಾಡುವ ಕಾಡುಕೋಳಿಯ ಉಗುರನ್ನು ಕತ್ತರಿಸುವವರು ಯಾರು? ಮರಕುಟಿಗನ ಉಗುರನ್ನು ಹರಿತಗೊಳಿಸುವವರು ಯಾರು? ಕಾಡಿನಲ್ಲಿ ಕ್ಷೌರಿಕನಿಲ್ಲ, ಕಮ್ಮಾರನಿಲ್ಲ. ಆದರೂ ಅಲ್ಲಿನ ಹಕ್ಕಿಯ ಉಗುರು ಅಗತ್ಯಕ್ಕಿಂತ ಉದ್ದವಾಗುವುದು ತೀರಾ ಅಪರೂಪ. ಇನ್ನೊಂದೆಡೆ, ಜಗಲಿಯ ಪಂಜರದಲ್ಲಿ ಮೂರು ನಾಲ್ಕು ವರ್ಷ ಕಳೆದ ಗಿಳಿಯ ಉಗುರು ಕುಡುಗೋಲಿನಂತೆ ಬಾಗಿ ಬೆಳೆದಿರುವುದನ್ನು ಅನೇಕರು ಕಂಡಿರಬಹುದು. ಒಂದೇ ಜಾತಿಯ ಹಕ್ಕಿ, ಒಂದೇ ಬಗೆಯ ಉಗುರು. ವ್ಯತ್ಯಾಸ ಎಲ್ಲಿಂದ ಬಂತು? ಈ ಉಪನ್ಯಾಸದ ವಿಷಯ ಇಷ್ಟೇ.

ಉಗುರಿನ ರಚನೆ

ಹಕ್ಕಿಯ ಪ್ರತಿಯೊಂದು ಬೆರಳಿನ ತುದಿಯಲ್ಲಿ ಬಾಗಿದ ಒಂದು ಪುಟ್ಟ ಮೂಳೆಯಿದೆ. ಕತ್ತಿಗೆ ಒರೆ ಹೊದಿಸಿದಂತೆ ಆ ಮೂಳೆಯ ಮೇಲೆ ಗಟ್ಟಿಯಾದ ಕವಚವೊಂದು ಹೊದ್ದುಕೊಂಡಿರುತ್ತದೆ. ಹೊರಗೆ ಕಾಣುವ ಉಗುರು ಈ ಕವಚವೇ. ಇದು ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಹಕ್ಕಿಯ ಗರಿ, ಕೊಕ್ಕಿನ ಹೊರಪದರ, ಕಾಲಿನ ಹುರುಪೆ ಇವೆಲ್ಲವೂ ಇದೇ ಬಗೆಯ ದ್ರವ್ಯದಿಂದ ರೂಪುಗೊಂಡಿವೆ. ದನದ ಕೊಂಬು, ಮನುಷ್ಯನ ಕೂದಲು ಕೂಡ ಕೆರಾಟಿನ್ನಿನ ಇನ್ನೊಂದು ಪ್ರಕಾರವೇ. ಕವಚದ ಒಳಗೆ ಮೂಳೆಯನ್ನು ಬಳಸಿಕೊಂಡು ರಕ್ತನಾಳವೂ ನರವೂ ಇರುತ್ತವೆ. ಆದ್ದರಿಂದ ಉಗುರಿನ ತುದಿ ನಿರ್ಜೀವ, ಬುಡ ಸಜೀವ. ತುದಿ ಮುರಿದರೆ ಹಕ್ಕಿಗೆ ನೋವಾಗದು. ಬುಡದ ಭಾಗ ಮುರಿದರೆ ರಕ್ತ ಸುರಿಯುತ್ತದೆ, ತೀವ್ರ ನೋವಾಗುತ್ತದೆ.

ಈ ಕವಚ ಎಲ್ಲ ಕಡೆಯೂ ಒಂದೇ ಗಟ್ಟಿತನದ್ದಲ್ಲ. ಮೇಲ್ಭಾಗದ ಮತ್ತು ಪಕ್ಕದ ಪದರ ಬಲು ಗಟ್ಟಿ. ಅಡಿಭಾಗದ ಪದರ ಮೆದು. ಮೇಲ್ಪದರ ವೇಗವಾಗಿ ಬೆಳೆಯುತ್ತದೆ, ಕೆಳಪದರ ನಿಧಾನವಾಗಿ. ಉಗುರು ನೇರವಾಗಿ ಬೆಳೆಯದೆ ಕೆಳಮುಖವಾಗಿ ಬಾಗುವುದು ಈ ಕಾರಣದಿಂದ. ಇನ್ನೊಂದು ಪ್ರಯೋಜನವೂ ಇದರಿಂದ ದೊರೆತಿದೆ. ಒರಟು ಮೇಲ್ಮೈಗೆ ಉಗುರು ಉಜ್ಜಿದಾಗ ಅಡಿಯ ಮೆದುಭಾಗ ಬೇಗ ಸವೆದು, ಮೇಲಿನ ಗಟ್ಟಿಭಾಗ ಚೂಪಾಗಿ ಉಳಿಯುತ್ತದೆ. ಅಂದರೆ ಸವೆತವು ಉಗುರನ್ನು ಮೊಂಡು ಮಾಡುವುದಿಲ್ಲ, ಹರಿತ ಮಾಡುತ್ತದೆ. ಮಸೆಗಲ್ಲಿಗೆ ಉಜ್ಜಿದ ಕತ್ತಿ ಸವೆಯುತ್ತಲೇ ಹರಿತವಾಗುವಂತೆ. ಇಲ್ಲಿ ಮಸೆಗಲ್ಲು ಎಂದರೆ ಮರದ ತೊಗಟೆ, ಬಂಡೆ, ಮಣ್ಣು, ಮರಳು.

ಉಗುರು ಬುಡದಿಂದ ನಿರಂತರ ಬೆಳೆಯುತ್ತದೆ. ಸಣ್ಣ ಹಾಡುಹಕ್ಕಿಗಳಲ್ಲಿ ಬೆಳವಣಿಗೆಯ ವೇಗ ದಿನಕ್ಕೆ ಸುಮಾರು 0.04 ಮಿಲಿಮೀಟರ್. ಕೇಳಲು ಇದು ನಗಣ್ಯವೆನಿಸಬಹುದು. ಆದರೆ 100 ದಿನಕ್ಕೆ 4 ಮಿಲಿಮೀಟರ್, ವರ್ಷಕ್ಕೆ 14 ಮಿಲಿಮೀಟರಿಗೂ ಹೆಚ್ಚು. ಪುಟ್ಟ ಹಕ್ಕಿಯೊಂದರ ಇಡೀ ಉಗುರೇ ಕೆಲವು ಮಿಲಿಮೀಟರ್ ಉದ್ದ ಎಂಬುದನ್ನು ನೆನಪಿನಲ್ಲಿಟ್ಟರೆ ಲೆಕ್ಕದ ಗಂಭೀರತೆ ತಿಳಿಯುತ್ತದೆ. ಸವೆತವೇ ಇಲ್ಲದಿದ್ದರೆ ಒಂದು ವರ್ಷದೊಳಗೆ ಆ ಹಕ್ಕಿ ಕೊಂಬೆ ಹಿಡಿಯಲಾರದ ಸ್ಥಿತಿ ತಲುಪಬೇಕು. ಹಾಗಾಗುವುದಿಲ್ಲ ಎಂದರೆ, ಬೆಳೆದಷ್ಟೇ ಪ್ರಮಾಣದಲ್ಲಿ ಪ್ರತಿದಿನವೂ ಸವೆಯುತ್ತಿದೆ ಎಂದೇ ಅರ್ಥ. ಆದಾಯ ಮತ್ತು ವೆಚ್ಚ ಸರಿತೂಗುವ ಒಂದು ಲೆಕ್ಕಪತ್ರ ಹಕ್ಕಿಯ ಬೆರಳ ತುದಿಯಲ್ಲಿ ನಡೆಯುತ್ತಿರುತ್ತದೆ.

ಕಾಡಿನಲ್ಲಿ ಸವೆಯುವ ಬಗೆ

ಈ ವೆಚ್ಚ ಹೇಗೆ ಆಗುತ್ತದೆ ಎಂಬುದಕ್ಕೆ ಮಲೆನಾಡಿನ ಯಾವುದೇ ಬೆಟ್ಟ ಸಾಕ್ಷಿ ಒದಗಿಸೀತು. ಮೊದಲಿಗೆ ಕಾಡುಕೋಳಿಯನ್ನು ಗಮನಿಸಿ. ಬೆಳಗಿನ ಹೊತ್ತು ಸೊಪ್ಪಿನಬೆಟ್ಟದ ಅಂಚಿನಲ್ಲಿ ಅದು ದರಕು ಕೆದಕುವ ಸದ್ದು ದೂರದಿಂದಲೇ ಕೇಳುತ್ತದೆ. ಎಡಗಾಲು, ಬಲಗಾಲು, ಒಂದು ಹೆಜ್ಜೆ ಹಿಂದೆ, ಬಾಗಿ ನೋಟ, ಒಂದು ಕುಕ್ಕು. ಗೆದ್ದಲು, ಹುಳು, ಬೀಜಗಳಿಗಾಗಿ ದಿನದ ಬಹುಪಾಲು ಈ ಕೆಲಸ ಸಾಗುತ್ತದೆ. ಪ್ರತಿ ಕೆದಕಿನಲ್ಲೂ ಹರಳುಮಣ್ಣಿಗೆ ಉಗುರು ಉಜ್ಜುತ್ತದೆ. ನೆಲ ಕೆದಕುವ ಹಕ್ಕಿಗಳ ಉಗುರು ದಪ್ಪ, ಕಡಿಮೆ ಬಾಗು, ತುದಿ ತುಸು ಮೊಂಡು. ನವಿಲಿನದೂ ಹೀಗೆಯೇ. ಅದು ಚುಚ್ಚುವ ಆಯುಧವಲ್ಲ, ಗುದ್ದಲಿ.

ಮರಕುಟಿಗನ ಸಂಗತಿ ಬೇರೆ. ಅದರ ಉಗುರು ಆಳವಾಗಿ ಬಾಗಿದ ಕೊಕ್ಕೆ. ಮತ್ತಿಮರದ ಮೊಸಳೆ ಬೆನ್ನಿನಂಥ ತೊಗಟೆಯ ಬಿರುಕಿಗೆ ಉಗುರು ಸಿಕ್ಕಿಸಿ, ಬಿರುಸಾದ ಬಾಲದ ಗರಿಯನ್ನು ಊರುಗೋಲಾಗಿಸಿಕೊಂಡು ಅದು ಕಾಂಡವನ್ನು ಏರುತ್ತದೆ. ಪ್ರತಿ ನೆಗೆತದಲ್ಲೂ ಇಡೀ ದೇಹದ ಭಾರ ಉಗುರಿನ ತುದಿಯ ಮೇಲೆ ಬೀಳುತ್ತದೆ. ನೀಲಿ ಬೆನ್ನಿನ, ಕೆಂಪು ಕೊಕ್ಕಿನ, ನಟ್‌ಹ್ಯಾಚ್ ಎಂಬ ಪುಟ್ಟ ಹಕ್ಕಿಯೂ ಇದೇ ಕಾಡಿನಲ್ಲಿದೆ. ಅದು ಬಾಲದ ಆಸರೆಯನ್ನೂ ಪಡೆಯದೆ ತಲೆಕೆಳಗಾಗಿ ಕಾಂಡದಿಂದ ಇಳಿದು ಬರುತ್ತದೆ. ಅಲ್ಲಿ ಉಗುರೊಂದೇ ಆಧಾರ. ಜೋಗದ ಕೊರಕಲಿನಂಥ ತಾಣಗಳಲ್ಲಿ ಹಾರಾಡುವ ಸ್ವಿಫ್ಟ್ ಹಕ್ಕಿಗಳು ಕೊಂಬೆಯ ಮೇಲೆ ಕೂರುವುದೇ ಇಲ್ಲ. ಬಂಡೆಯ ಗೋಡೆಗೆ ಉಗುರು ಕಚ್ಚಿ ಜೋತುಬೀಳುತ್ತವೆ. ಮಿಂಚುಳ್ಳಿ ಮತ್ತು ಕಳ್ಳಿಪೀರಗಳು ಹೊಳೆಯ ದಂಡೆಯಲ್ಲಿ ಬಿಲ ತೋಡುವಾಗ ಕೊಕ್ಕಿನಿಂದ ಕೊರೆದ ಮಣ್ಣನ್ನು ಕಾಲಿನಿಂದ ಹಿಂದಕ್ಕೆ ಎಸೆಯುತ್ತವೆ. ಗಿಳಿಗಳು ಎರಡು ಬೆರಳು ಮುಂದಕ್ಕೆ, ಎರಡು ಬೆರಳು ಹಿಂದಕ್ಕೆ ಚಾಚಿ, ಕೊಕ್ಕನ್ನೇ ಮೂರನೆಯ ಕಾಲಾಗಿಸಿಕೊಂಡು ಕೊಂಬೆಯಿಂದ ಕೊಂಬೆಗೆ ಹತ್ತುತ್ತವೆ, ಪೊಟರೆಯ ಅಂಚಿನಲ್ಲಿ ನೇತಾಡುತ್ತವೆ. ಅವು ಹಿಡಿಯುವ ರೆಂಬೆಗಳು ಬೆರಳಿನಷ್ಟು ಸಣ್ಣವೂ ಇವೆ, ತೋಳಿನಷ್ಟು ದಪ್ಪವೂ ಇವೆ. ನುಣುಪಾದವೂ ಇವೆ, ಒರಟಾದವೂ ಇವೆ. ಹಿಡಿತ ಪ್ರತಿಬಾರಿ ಬದಲಾಗುವುದರಿಂದ ಉಗುರಿನ ಎಲ್ಲ ಬದಿಗೂ ಸವೆತ ಹಂಚಿಹೋಗುತ್ತದೆ.

ಜೀವನಕ್ರಮಕ್ಕೂ ಉಗುರಿನ ಬಾಗಿಗೂ ಇರುವ ಈ ಸಂಬಂಧವನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಅಮೆರಿಕದ ಪಕ್ಷಿವಿಜ್ಞಾನಿ ಅಲನ್ ಫೆಡುಸಿಯಾ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೆಲದ ಹಕ್ಕಿ, ಕೊಂಬೆಯ ಹಕ್ಕಿ, ಕಾಂಡ ಏರುವ ಹಕ್ಕಿ ಎಂಬ ಮೂರು ಗುಂಪುಗಳ ಉಗುರಿನ ಬಾಗನ್ನು ಹೋಲಿಸಿದರು. ನೆಲದವುಗಳಲ್ಲಿ ಬಾಗು ಅತ್ಯಂತ ಕಡಿಮೆ, ಕಾಂಡ ಏರುವವುಗಳಲ್ಲಿ ಅತ್ಯಂತ ಹೆಚ್ಚು. ಸುಮಾರು 15 ಕೋಟಿ ವರ್ಷಗಳ ಹಿಂದಿನ ಆರ್ಕಿಯಾಪ್ಟೆರಿಕ್ಸ್ ಮರದ ಮೇಲೆ ಕೂರುತ್ತಿದ್ದ ಜೀವಿಯೇ ಎಂಬ ಪ್ರಶ್ನೆಗೆ ಅವರು ಇದೇ ಅಳತೆಯಿಂದ ಉತ್ತರ ಹುಡುಕಿದರು. ಅವರ ತೀರ್ಮಾನವನ್ನು ಎಲ್ಲರೂ ಒಪ್ಪಿಲ್ಲ. ಆದರೆ ಉಗುರು ಬದುಕಿನ ಗುರುತು ಎಂಬ ಮೂಲ ವಿಚಾರ ಮಾತ್ರ ಗಟ್ಟಿಯಾಗಿ ನಿಂತಿದೆ.

ಉದ್ದವೆಲ್ಲ ದೋಷವಲ್ಲ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಉದ್ದನೆಯ ಉಗುರೆಲ್ಲ ರೋಗದ ಲಕ್ಷಣವಲ್ಲ. ಕೆರೆಯ ತಾವರೆ ಎಲೆಗಳ ಮೇಲೆ ನಡೆಯುವ ದೇವನಕ್ಕಿಯ ಬೆರಳು, ಉಗುರು ಎರಡೂ ವಿಪರೀತ ಉದ್ದ. ದೇಹದ ಭಾರ ಅಗಲಕ್ಕೆ ಹಂಚಿಹೋಗಿ ಎಲೆ ಮುಳುಗದಿರಲೆಂದು ಆ ರಚನೆ. ಅದು ನಡೆಯುವ ನೆಲವೂ ಮೆತ್ತಗಿನದು. ಉಗುರು ಸವೆಸುವ ಒರಟುತನ ಅಲ್ಲಿಲ್ಲ. ಅಡಿಕೆ ತೋಟದ ಪೊದೆಗಳಲ್ಲಿ ಕಾಣುವ ಕೆಂಬೂತದ ಹಿಂಬೆರಳಿನ ಉಗುರು ಉದ್ದವಾಗಿ, ನೇರವಾಗಿ, ಮುಳ್ಳಿನಂತಿದೆ. ಅದರ ಕುಲಕ್ಕೆ ವಿಜ್ಞಾನಿಗಳು ಕೊಟ್ಟ ಸೆಂಟ್ರೋಪಸ್ ಎಂಬ ಹೆಸರಿನ ಅರ್ಥವೇ ಮುಳ್ಳುಗಾಲು. ಬಯಲಿನ ನೆಲಗುಬ್ಬಿಗಳಲ್ಲೂ ಹಿಂಬೆರಳಿನ ಉಗುರು ಉದ್ದ.

ಕೆಲವು ಹಕ್ಕಿಗಳಲ್ಲಿ ಉಗುರು ಬಾಚಣಿಗೆಯೂ ಹೌದು. ಬೆಳ್ಳಕ್ಕಿಯ ಬಂಧುಗಳಾದ ಬಕಗಳು, ರಾತ್ರಿ ರಸ್ತೆಯಂಚಿನಲ್ಲಿ ಕಣ್ಣು ಹೊಳೆಯುವ ನತ್ತಿಂಗಗಳು, ಹಳೆಯ ಕಟ್ಟಡಗಳ ಕಣಜಗೂಬೆ ಇವುಗಳ ನಡುಬೆರಳಿನ ಉಗುರಿನ ಅಂಚಿನಲ್ಲಿ ಸಾಲಾಗಿ ಹಲ್ಲುಗಳಿವೆ. ಕೊಕ್ಕು ತಲುಪದ ತಲೆ, ಕತ್ತಿನ ಗರಿಗಳನ್ನು ಓರಣಗೊಳಿಸಲು ಅವು ಸಹಾಯಕ. ಉತ್ತರದ ಹಿಮಪ್ರದೇಶದ ಟಾರ್ಮಿಗನ್ ಎಂಬ ಕೋಳಿಜಾತಿಯ ಹಕ್ಕಿಯಂತೂ ಇನ್ನೂ ವಿಚಿತ್ರ. ಚಳಿಗಾಲದಲ್ಲಿ ಹಿಮ ಕೆದಕಲು ಬೆಳೆಸಿಕೊಂಡ ಉದ್ದ ಉಗುರಿನ ಕವಚವನ್ನು ಅದು ಬೇಸಿಗೆಯಲ್ಲಿ ಗರಿ ಉದುರಿಸಿದಂತೆ ಉದುರಿಸಿಬಿಡುತ್ತದೆ. ಹೀಗೆ ಸವೆತವೊಂದೇ ದಾರಿಯಲ್ಲ; ಆದರೆ ಬಹುಪಾಲು ಹಕ್ಕಿಗಳಿಗೆ ಅದೇ ಮುಖ್ಯ ದಾರಿ. ಯಾವ ಉಗುರು ಉದ್ದ, ಯಾವುದು ಅತಿಉದ್ದ ಎಂದು ನಿರ್ಧರಿಸುವ ಮುನ್ನ ಆ ಜಾತಿಯ ಸಹಜ ರೂಪ ತಿಳಿದಿರಬೇಕು.

ಉಗುರು ಒಂದು ದಿನಚರಿಯೂ ಹೌದು. ಹಕ್ಕಿ ತಿಂದ ಆಹಾರದ ರಾಸಾಯನಿಕ ಗುರುತು ಅದು ಬೆಳೆಯುವಾಗಲೇ ಅದರಲ್ಲಿ ಸೇರಿಹೋಗುತ್ತದೆ. ತುದಿಯಲ್ಲಿರುವುದು ಕೆಲವು ತಿಂಗಳ ಹಿಂದಿನ ಬರಹ, ಬುಡದಲ್ಲಿರುವುದು ಇತ್ತೀಚಿನದು. ಉಗುರಿನ ತುದಿಯ ಒಂದು ಚೂರನ್ನು ನೋವಾಗದಂತೆ ಕತ್ತರಿಸಿ, ಅದರಲ್ಲಿನ ಇಂಗಾಲ ಮತ್ತು ಸಾರಜನಕದ ಐಸೋಟೋಪುಗಳನ್ನು ಅಳೆದು, ಹಕ್ಕಿ ಹಿಂದಿನ ತಿಂಗಳುಗಳಲ್ಲಿ ಎಂಥ ನೆಲೆಯಲ್ಲಿತ್ತು, ಏನು ತಿಂದಿತ್ತು ಎಂದು ತಿಳಿಯಬಹುದೆಂದು 2003ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿಕೊಟ್ಟರು. ವಲಸೆ ಹಕ್ಕಿಗಳ ಅಧ್ಯಯನದಲ್ಲಿ ಇದು ಉಪಯುಕ್ತ ವಿಧಾನವಾಗಿದೆ.

ಪಂಜರದೊಳಗಿನ ಉಗುರು

ಈಗ ಕಾಡಿನಿಂದ ಜಗಲಿಗೆ ಬರೋಣ. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಪಂಜರದಲ್ಲಿ ಏನಿರುತ್ತದೆ? ತಂತಿಯ ಗೋಡೆ, ತಗಡಿನ ತಳ, ನಡುವೆ ನುಣ್ಣಗೆ ಉಜ್ಜಿದ ಒಂದು ಮರದ ಅಥವಾ ಪ್ಲಾಸ್ಟಿಕ್ಕಿನ ಅಡ್ಡಕೋಲು. ಆ ಕೋಲು ಉದ್ದಕ್ಕೂ ಒಂದೇ ದಪ್ಪ. ನುಣುಪಾದ್ದರಿಂದ ಉಗುರು ಉಜ್ಜುವುದಿಲ್ಲ. ತೆಳುವಾದ್ದರಿಂದ ಬೆರಳು ಪೂರ್ತಿ ಸುತ್ತಿಕೊಂಡು, ಉಗುರಿನ ತುದಿ ಕೋಲನ್ನು ಮುಟ್ಟುವುದೂ ಇಲ್ಲ, ಗಾಳಿಯಲ್ಲಿ ನಿಂತಿರುತ್ತದೆ. ಹಿಡಿತ ಬದಲಾಗದ ಕಾರಣ ಪಾದದ ಅದೇ ಬಿಂದುಗಳ ಮೇಲೆ ಹಗಲು ರಾತ್ರಿ ಭಾರ ಬೀಳುತ್ತದೆ. ಊಟದ ಬಟ್ಟಲು ಕೊಕ್ಕಿನ ಅಳತೆಯಲ್ಲೇ ಇದೆ. ಹತ್ತಬೇಕಿಲ್ಲ, ಕೆದಕಬೇಕಿಲ್ಲ, ಜೋತುಬೀಳಬೇಕಿಲ್ಲ. ಬೆಳವಣಿಗೆ ಮಾತ್ರ ನಿಲ್ಲದೆ ಸಾಗಿದೆ. ಆದಾಯವಿದೆ, ವೆಚ್ಚವಿಲ್ಲ. ಲೆಕ್ಕ ತಪ್ಪುವುದು ಇಲ್ಲಿ.

ಪರಿಣಾಮಗಳು ಒಂದರ ಹಿಂದೆ ಒಂದು ಬರುತ್ತವೆ. ಉದ್ದ ಬೆಳೆದ ಉಗುರು ತಂತಿಯ ಸಂದಿಗೆ, ಬಟ್ಟೆಯ ನೂಲಿಗೆ ಸಿಕ್ಕಿಕೊಳ್ಳುತ್ತದೆ. ಗಾಬರಿಗೊಂಡ ಹಕ್ಕಿ ಕೊಸರಿದಾಗ ಉಗುರು ಬುಡದಿಂದ ಕಿತ್ತುಬರಬಹುದು, ಬೆರಳೇ ಮುರಿಯಬಹುದು. ಉಗುರು ಉದ್ದವಾದಂತೆ ಬೆರಳು ಮೇಲಕ್ಕೆ ಎತ್ತಿಕೊಳ್ಳುತ್ತದೆ, ಭಾರವೆಲ್ಲ ಅಂಗಾಲಿನ ಮೇಲೆ ಬೀಳುತ್ತದೆ. ಅಲ್ಲಿನ ಚರ್ಮ ಮೊದಲು ಕೆಂಪಾಗಿ, ನುಣುಪಾಗಿ, ಆಮೇಲೆ ಊದಿ ಹುಣ್ಣಾಗುತ್ತದೆ. ಬ್ಯಾಕ್ಟೀರಿಯಾ ಸೇರಿದರೆ ಸೋಂಕು ಮೂಳೆಯವರೆಗೂ ಇಳಿದೀತು. ಪಶುವೈದ್ಯರು ಅಂಗಾಲು ಹುಣ್ಣು ಎಂದು ಗುರುತಿಸುವ ಈ ರೋಗ ಬಂಧನದಲ್ಲಿರುವ ಹಕ್ಕಿಗಳನ್ನು ಕಾಡುವ ಸಾಮಾನ್ಯ ವ್ಯಾಧಿ. ಗಿಡುಗ, ಹದ್ದುಗಳಂಥ ಬೇಟೆಹಕ್ಕಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಸವೆಯದ ಉಗುರಿನ ಮೊನೆ ಅವುಗಳ ಸ್ವಂತ ಅಂಗಾಲನ್ನೇ ಚುಚ್ಚಿ ಗಾಯ ಮಾಡುತ್ತದೆ.

ಅಡ್ಡಕೋಲಷ್ಟೇ ಕಾರಣವಲ್ಲ, ಆಹಾರವೂ ಕಾರಣ. ಬರೀ ಸೂರ್ಯಕಾಂತಿ ಬೀಜ, ಶೇಂಗಾ, ಬಿಸ್ಕತ್ತು ತಿಂದು ಬದುಕುವ ಗಿಳಿಗೆ ಕೊಬ್ಬು ಅತಿಯಾಗುತ್ತದೆ, ಎ ಜೀವಸತ್ವದ ಕೊರತೆಯಾಗುತ್ತದೆ. ಯಕೃತ್ತಿನಲ್ಲಿ ಕೊಬ್ಬು ತುಂಬಿದ ಹಕ್ಕಿಯಲ್ಲಿ ಉಗುರೂ ಕೊಕ್ಕೂ ಅಸಹಜವಾಗಿ, ಪೊಳ್ಳಾಗಿ ಬೆಳೆಯುವುದುಂಟು. ಕೆಲವೊಮ್ಮೆ ಕಾಲು, ಕೊಕ್ಕುಗಳನ್ನು ಕೊರೆಯುವ ಸೂಕ್ಷ್ಮ ನುಸಿಗಳೂ ವಿಕಾರಕ್ಕೆ ಕಾರಣವಾಗುತ್ತವೆ. ಆದ್ದರಿಂದ ಅತಿಯಾಗಿ ಬೆಳೆದ ಉಗುರನ್ನು ಕಂಡಾಗ ಕತ್ತರಿ ಹುಡುಕುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಈ ಹಕ್ಕಿ ಏನು ತಿನ್ನುತ್ತಿದೆ, ದಿನವಿಡೀ ಏನು ಮಾಡುತ್ತಿದೆ?

ಮೊಟ್ಟೆಯ ಕಾರ್ಖಾನೆಯಲ್ಲಿ

ಪಂಜರದ ಗಿಳಿಗಿಂತ ಅದೆಷ್ಟೋ ಪಟ್ಟು ದೊಡ್ಡ ಸಂಖ್ಯೆಯಲ್ಲಿ ಬಂಧನದಲ್ಲಿರುವ ಹಕ್ಕಿ ಮೊಟ್ಟೆಕೋಳಿ. ತಂತಿಯ ತಳದ ಸಾಲುಗೂಡುಗಳಲ್ಲಿ ನಿಂತೇ ಬದುಕು ಸವೆಸುವ ಈ ಕೋಳಿಗಳ ಉಗುರು ಮಾತ್ರ ಸವೆಯದು. ಉದ್ದ ಬೆಳೆದು ಮುರಿಯುತ್ತದೆ, ತಂತಿಗೆ ಸಿಕ್ಕುತ್ತದೆ, ಪಕ್ಕದ ಕೋಳಿಯ ಬೆನ್ನು ಪರಚುತ್ತದೆ. ಸ್ವೀಡನ್ನಿನ ಸಂಶೋಧಕ ರಾಗ್ನರ್ ಟೌಸನ್ 1980ರ ದಶಕದಲ್ಲಿ ಇದಕ್ಕೊಂದು ಉಪಾಯ ಸೂಚಿಸಿದರು. ಮೇವಿನ ತೊಟ್ಟಿಯ ಬಳಿ, ಕೋಳಿಯ ಕಾಲು ತಾಗುವ ತಗಡಿನ ಮೇಲೆ ಒಂದು ಒರಟು ಪಟ್ಟಿ ಅಂಟಿಸುವುದು. ಮೇವು ತಿನ್ನುವಾಗ ಕೋಳಿ ಅಭ್ಯಾಸಬಲದಿಂದ ಕಾಲು ಕೆದಕುತ್ತದೆ, ಆಗ ಉಗುರು ಆ ಪಟ್ಟಿಗೆ ಉಜ್ಜಿ ಸವೆಯುತ್ತದೆ.

ಈ ಸಂಗತಿಯಲ್ಲಿ ಯೋಚಿಸಬೇಕಾದ ಅಂಶವೊಂದಿದೆ. ಮೇವು ಕಣ್ಣೆದುರೇ ಇದೆ, ಕೆದಕುವ ಅಗತ್ಯವೇ ಇಲ್ಲ, ಕಾಲಡಿ ಮಣ್ಣೂ ಇಲ್ಲ. ಆದರೂ ಕೋಳಿ ಕೆದಕುತ್ತದೆ. ತಲೆಮಾರುಗಳಿಂದ ಗೂಡಿನಲ್ಲೇ ಬೆಳೆದರೂ ಅದರ ರಕ್ತದೊಳಗಿನ ಕಾಡುಕೋಳಿ ಸತ್ತಿಲ್ಲ. ಯುರೋಪಿಯನ್ ಒಕ್ಕೂಟ 1999ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಕೋಳಿಗೂಡುಗಳಿಗೆ ಉಗುರು ಸವೆಸುವ ಸಾಧನ ಅಳವಡಿಸಬೇಕೆಂದು ವಿಧಿಸಲಾಯಿತು. ಪ್ರತಿ ಕೋಳಿಗೆ 550 ಚದರ ಸೆಂಟಿಮೀಟರ್ ಜಾಗ ನೀಡುತ್ತಿದ್ದ ಬರಿಯ ಗೂಡುಗಳನ್ನು 2012ರ ಜನವರಿ 1ರಿಂದ ನಿಷೇಧಿಸಲಾಯಿತು. ಎ4 ಅಳತೆಯ ಒಂದು ಹಾಳೆಯೇ ಸುಮಾರು 624 ಚದರ ಸೆಂಟಿಮೀಟರ್ ಎಂಬುದನ್ನು ವಿದ್ಯಾರ್ಥಿಗಳು ಅಳೆದು ನೋಡಬಹುದು. ಹೊಸ ಬಗೆಯ ಗೂಡಿನಲ್ಲಿ 750 ಚದರ ಸೆಂಟಿಮೀಟರ್ ಜಾಗ, ಮೊಟ್ಟೆಯಿಡುವ ಮರೆ, ಕೂರಲು ಅಡ್ಡಕೋಲು, ಕುಕ್ಕಲು ಕೆದಕಲು ಪುಡಿಹಾಸು ಕಡ್ಡಾಯವಾದವು. ಒಂದು ಉಗುರಿನ ಸಮಸ್ಯೆ ಕಾನೂನಿನವರೆಗೂ ಹೋಯಿತೆಂಬುದು ಸಣ್ಣ ಸಂಗತಿಯಲ್ಲ. ಆದರೂ ಹಿತ್ತಿಲಲ್ಲಿ, ತೋಟದಲ್ಲಿ ಅಡ್ಡಾಡಿ, ದೂಳಿನಲ್ಲಿ ಹೊರಳಿ, ಸಂಜೆ ಗೂಡು ಸೇರುವ ಊರಕೋಳಿಗೆ ಇಂಥ ಯಾವ ಪಟ್ಟಿಯೂ ಬೇಕಿಲ್ಲ. ಮಲೆನಾಡಿನ ಮನೆಗಳು ಯಾವ ಖರ್ಚೂ ಇಲ್ಲದೆ ತಮ್ಮ ಕೋಳಿಗೆ ಕೊಡುತ್ತ ಬಂದದ್ದನ್ನು ಬೇರೆಡೆ ಯಂತ್ರದಿಂದ ಒದಗಿಸಬೇಕಾಗಿದೆ.

ಸಾಕುವವರ ಹೊಣೆ

ಲವ್ ಬರ್ಡ್ಸ್ ಎಂಬ ಹೆಸರಿನಲ್ಲಿ ಇಲ್ಲಿ ಮಾರಾಟವಾಗುವ ಪುಟ್ಟ ಹಕ್ಕಿಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾ ಮೂಲದ ಬಡ್ಜರಿಗಾರ್‌ಗಳು. ತಲೆಮಾರುಗಳಿಂದ ಬಂಧನದಲ್ಲೇ ಮರಿಯಾದ ಇವನ್ನು ಹೊರಗೆ ಬಿಟ್ಟರೆ ಇಲ್ಲಿನ ಕಾಡಿನಲ್ಲಿ ಬದುಕಲಾರವು. ಮನೆಯಲ್ಲಿ ಈಗಾಗಲೇ ಇರುವ ಇಂಥ ಹಕ್ಕಿಗಳ ವಿಷಯದಲ್ಲಿ ಮಾಡಬಹುದಾದ ಕೆಲಸ ಸರಳ. ನುಣುಪು ಕೋಲನ್ನು ತೆಗೆದು, ತೊಗಟೆ ಸಹಿತವಾದ ಪೇರಲೆಯ ಕೊಂಬೆಗಳನ್ನು ಅಳವಡಿಸಬೇಕು. ಅವು ಬೇರೆ ಬೇರೆ ದಪ್ಪದವಾಗಿರಲಿ, ಕೆಲವು ಓರೆಯಾಗಿರಲಿ. ಬೆರಳು ಕೊಂಬೆಯನ್ನು ಪೂರ್ತಿ ಸುತ್ತದೆ, ಉಗುರಿನ ತುದಿ ತೊಗಟೆಗೆ ತಾಗುವಂತಿರಬೇಕು. ಬೋರ್ಡೋ ದ್ರಾವಣವೋ ಕೀಟನಾಶಕವೋ ಬಿದ್ದ ಕೊಂಬೆ ಸಲ್ಲದು. ಕಣಗಿಲೆಯಂಥ ವಿಷಗಿಡದ ಕೊಂಬೆಯಂತೂ ಸಲ್ಲವೇ ಸಲ್ಲದು. ಪಂಜರದ ತಳದಲ್ಲಿ ಒರಟಾದ ಚಪ್ಪಟೆ ಕಲ್ಲೊಂದನ್ನು ಇರಿಸಿ ಅದರ ಮೇಲೆ ಸೊಪ್ಪು, ಕಾಳು ಹಾಕಿದರೆ ತಿನ್ನುವಾಗಲೇ ಉಗುರು ಸವೆಯುತ್ತದೆ. ಅಂಗಡಿಯಲ್ಲಿ ಸಿಗುವ ಉಪ್ಪುಕಾಗದ ಸುತ್ತಿದ ಕೋಲು ಮಾತ್ರ ಬೇಡ. ಅದು ಉಗುರಿಗಿಂತ ಹೆಚ್ಚಾಗಿ ಅಂಗಾಲಿನ ಚರ್ಮವನ್ನು ತಿನ್ನುತ್ತದೆ. ಸವೆತ ಎಂದರೆ ಎಷ್ಟಾದರೂ ಸರಿ ಎಂದಲ್ಲ. ಬರಿಯ ಕಾಂಕ್ರೀಟ್ ನೆಲದಲ್ಲಿ ಕೂಡಿಹಾಕಿದ ಬಾತುಗಳಿಗೂ ಅಂಗಾಲು ಹುಣ್ಣು ಬರುತ್ತದೆ.

ಉಗುರು ಈಗಾಗಲೇ ಅತಿಯಾಗಿದ್ದರೆ ಕತ್ತರಿಸುವ ಕೆಲಸವನ್ನು ಪಶುವೈದ್ಯರಿಗೆ ಬಿಡುವುದು ಒಳಿತು. ಉಗುರು ಉದ್ದವಾದಂತೆ ಅದರೊಳಗಿನ ರಕ್ತನಾಳವೂ ಮುಂದಕ್ಕೆ ಬೆಳೆದಿರುತ್ತದೆ. ತಿಳಿಬಣ್ಣದ ಉಗುರಿನಲ್ಲಿ ಅದು ಗುಲಾಬಿ ಗೆರೆಯಾಗಿ ಕಾಣುತ್ತದೆ, ಕಪ್ಪು ಉಗುರಿನಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಒಮ್ಮೆಗೇ ಮೊದಲಿನ ಅಳತೆಗೆ ತರಲಾಗದು. ತುದಿಯನ್ನಷ್ಟೇ ತೆಗೆದು, ನಾಳ ಹಿಂದೆ ಸರಿಯಲು ಕೆಲವು ವಾರ ಬಿಟ್ಟು, ಮತ್ತೆ ಸ್ವಲ್ಪ ತೆಗೆಯಬೇಕು. ರಕ್ತ ಬಂದರೆ ಜೋಳದ ಹಿಟ್ಟನ್ನು ಒತ್ತಿ ಹಿಡಿಯುವುದು ತಕ್ಷಣದ ಉಪಚಾರ. ಹಿಡಿಯುವಾಗ ಇನ್ನೊಂದು ಎಚ್ಚರ ಬೇಕು. ಹಕ್ಕಿಗೆ ಮನುಷ್ಯನಂತೆ ಉಸಿರಾಟಕ್ಕೆ ನೆರವಾಗುವ ವಪೆಯಿಲ್ಲ. ಎದೆಮೂಳೆ ಹಿಂದೆ ಮುಂದೆ ಚಲಿಸಿದರೆ ಮಾತ್ರ ಅದಕ್ಕೆ ಉಸಿರು. ಎದೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರೆ ಸದ್ದಿಲ್ಲದೆ ಉಸಿರುಗಟ್ಟಿ ಸಾಯುತ್ತದೆ.

ಕತ್ತರಿಯಿಂದ ಮುಗಿಯದ ಪ್ರಶ್ನೆ

ಮಿತ್ರರೇ, ಉಗುರು ಕತ್ತರಿಸಿದರೆ ಆಯಿತಲ್ಲ, ಗಿಳಿಯನ್ನು ಸಾಕುವುದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ಉತ್ತರ ಉಗುರಿನಲ್ಲೇ ಇದೆ. ಕತ್ತರಿ ಉಗುರಿನ ಉದ್ದವನ್ನು ಕಡಿಮೆ ಮಾಡೀತು. ಉಗುರನ್ನು ಸವೆಸಬೇಕಿದ್ದ ದುಡಿಮೆಯನ್ನು ಹಿಂತಿರುಗಿಸಲಾರದು. ಕೊಂಬೆ ಏರುವುದು, ಹಣ್ಣನ್ನು ಕಾಲಲ್ಲಿ ಹಿಡಿದು ತಿನ್ನುವುದು, ಪೊಟರೆ ಹುಡುಕುವುದು, ಜೊತೆಗಾರರೊಡನೆ ಜಗಳವಾಡುವುದು, ಮೈಲಿಗಟ್ಟಲೆ ಹಾರುವುದು ಇವೆಲ್ಲದರ ಒಟ್ಟು ಮೊತ್ತವೇ ಸವೆದ ಉಗುರು. ಬೆಳೆದ ಉಗುರು ರೋಗವಲ್ಲ, ಬದುಕು ನಿಂತುಹೋಗಿದೆ ಎಂಬುದರ ಸೂಚನೆ.

ಕಾನೂನಿನ ದೃಷ್ಟಿಯಿಂದಲೂ ವಿಷಯ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ದೇಶದ ಕಾಡುಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. ದೇಶೀಯ ಕಾಡುಹಕ್ಕಿಗಳ ವ್ಯಾಪಾರವನ್ನು 1990-91ರಲ್ಲೇ ನಿಷೇಧಿಸಲಾಗಿದೆ. ಆದರೂ ಪೊಟರೆಗಳಿಂದ ಮರಿ ಕದಿಯುವ ಕೆಲಸ ನಿಂತಿಲ್ಲ. ನೀಲಿ ರೆಕ್ಕೆಯ ಮಲಬಾರ್ ಗಿಳಿ ಪಶ್ಚಿಮಘಟ್ಟವನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಅದು ಗೂಡು ಮಾಡುವುದು ಮರಕುಟಿಗ, ಕುಟ್ರುಹಕ್ಕಿಗಳು ಕೊರೆದು ಬಿಟ್ಟ ಪೊಟರೆಗಳಲ್ಲಿ. ಮರಿಗಾಗಿ ಮರವನ್ನೇ ಕಡಿದರೆ ಆ ವರ್ಷದ ಮರಿಯ ಜೊತೆಗೆ ಮುಂದಿನ ಹತ್ತಾರು ವರ್ಷಗಳ ಗೂಡೂ ಹೋಗುತ್ತದೆ. ಸೌದೆಗೆಂದು ನಿಂತ ಒಣಮರಗಳನ್ನೆಲ್ಲ ಕಡಿದಾಗಲೂ ಆಗುವ ನಷ್ಟ ಇದೇ. ಒಂದೇ ವಯಸ್ಸಿನ ಅಕೇಶಿಯಾ ನೆಡುತೋಪಿನಲ್ಲಿ ಹಕ್ಕಿಯ ಉಗುರೇನೋ ಸವೆದೀತು. ಆದರೆ ಗೂಡಿಗೆ ಬೇಕಾದ ಹಳೆಯ ಪೊಟರೆ ಅಲ್ಲಿ ಸಿಗದು.

ಊರಿನವರು ಮಾಡಬಹುದಾದದ್ದು ಬಹಳವೇನಲ್ಲ. ಬೆಟ್ಟದಲ್ಲಿ ಪೊಟರೆಯುಳ್ಳ ಹಳೆಯ ಮರಗಳನ್ನು, ಕೆಲವಾದರೂ ಒಣಮರಗಳನ್ನು ಹಾಗೆಯೇ ಬಿಡುವುದು. ಮರಿ ಮಾರಲು ಬಂದವರಿಂದ ಕನಿಕರಕ್ಕಾಗಿಯೂ ಕೊಳ್ಳದಿರುವುದು, ಏಕೆಂದರೆ ಕೊಂಡ ಪ್ರತಿ ಮರಿ ಇನ್ನೊಂದು ಪೊಟರೆಗೆ ಕೈಹಾಕಲು ಕೊಟ್ಟ ಮುಂಗಡ. ಬಹುಕಾಲ ಪಂಜರದಲ್ಲಿದ್ದ ಗಿಳಿಯನ್ನು ಪಶ್ಚಾತ್ತಾಪದಿಂದ ಒಮ್ಮೆಲೇ ಹಾರಿಬಿಡುವುದೂ ತಪ್ಪು. ರೆಕ್ಕೆಯ ಬಲ ಕುಗ್ಗಿ, ಉಗುರು ತೊಗಟೆ ಹಿಡಿಯಲಾಗದೆ, ಅದು ಬೆಕ್ಕಿಗೋ ಕಾಗೆಗೋ ತುತ್ತಾದೀತು. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಿ, ಚಿಕಿತ್ಸೆ ಮತ್ತು ಅಭ್ಯಾಸದ ನಂತರ ಬಿಡುವಂತೆ ಕೇಳಬೇಕು.

ವಿದ್ಯಾರ್ಥಿಗಳಿಗೆ ಬೇರೆಯದೇ ಕೆಲಸವಿದೆ. ಕೆರೆಯಂಚಿನ ಹಸಿಮಣ್ಣಿನಲ್ಲಿ ಹೆಜ್ಜೆಗುರುತು ನೋಡಿ ಉಗುರಿನ ಗೆರೆ ಎಷ್ಟು ದೂರ ಮೂಡಿದೆ ಎಂದು ಅಳೆಯಿರಿ. ಕಾಡುಕೋಳಿ ಕೆದಕಿದ ಜಾಗಗಳನ್ನು ಎಣಿಸಿ. ಮರಕುಟಿಗ ಯಾವ ಮರದ ತೊಗಟೆಯನ್ನು ಹೆಚ್ಚು ಆರಿಸಿಕೊಳ್ಳುತ್ತದೆ ಎಂದು ಮರದ ಹೆಸರಿನೊಡನೆ ಬರೆದಿಡಿ. ಮನೆಯ ಕೋಳಿ ಒಂದು ನಿಮಿಷದಲ್ಲಿ ಎಷ್ಟು ಬಾರಿ ಕೆದಕುತ್ತದೆ ಎಂದು ಲೆಕ್ಕ ಹಾಕಿ. ಇದಕ್ಕೆ ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆದೀತು. ಒಂದು ನೋಟ್‌ಬುಕ್ಕು, ತಾಳ್ಮೆ ಸಾಕು. ಗೂಡಿನ ಹತ್ತಿರ ಮಾತ್ರ ಹೋಗಬೇಡಿ.

ಬೆಟ್ಟವೊಂದು ಉಳಿಯಬೇಕು ಎನ್ನುವಾಗ ನೀರು, ಮಳೆ, ಸೊಪ್ಪು, ಸೌದೆಗಳ ಲೆಕ್ಕವನ್ನು ಮುಂದಿಡುವುದು ವಾಡಿಕೆ. ಆ ಲೆಕ್ಕ ಸರಿಯಾದದ್ದೇ. ಅದರ ಜೊತೆಗೆ ಈ ಚಿಕ್ಕ ಲೆಕ್ಕವೂ ಸೇರಲಿ. ದಿನಕ್ಕೆ ಮಿಲಿಮೀಟರಿನ ನೂರರಲ್ಲಿ ನಾಲ್ಕು ಭಾಗ ಬೆಳೆಯುವ ಒಂದು ಉಗುರು ಅಷ್ಟೇ ಸವೆಯಬೇಕಾದರೆ ಹಳೆಯ ಮರ ಬೇಕು, ಒರಟು ತೊಗಟೆ ಬೇಕು, ದರಕು ಬೇಕು, ಬಂಡೆ ಬೇಕು, ಹಾರಲು ಆಕಾಶ ಬೇಕು. ಇಷ್ಟೆಲ್ಲ ಇರುವ ಜಾಗಕ್ಕೆ ಕಾಡು ಎಂದು ಹೆಸರು.